ಮಂಜನ ಪಾಲಿನ ದಿಲ್‌ಪಸಂದ್

ಅತ್ತೆ,

ನಿಮಗೆ ಕಾಗದ ಬರೆಯುವ ದಿನ ಬರುತ್ತದೆ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಪಕ್ಕದ ಕೋಣೆಯಿಂದಲೇ "ಲೇ ಸುಧಾ, ಏನೋ ಸೀದ್ ವಾಸನೆ ಬರ್ತಿದೆ, ನೋಡೇ" ಅಂತ ಕೂಗುತ್ತಿದ್ದವರಿಗೆ ಕಾಗದ ಯಾಕೆ ಬೇಕು? ಫೋಟೋದ ಮುಂದೆ ನಿಂತು ಹೇಳಿಬಿಡೋಣ ಅಂದರೆ ನಿಮ್ಮ ದೊಡ್ಡ ಮಗ ಗಿರೀಶ್ ನನ್ನನ್ನು ಒಂಥರಾ ನೋಡುತ್ತಾರೆ. ಆದರೆ ಇವತ್ತು ಮಧ್ಯಾಹ್ನ ನಡೆದದ್ದನ್ನು ನಿಮಗೆ ಹೇಳದೆ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಅದಕ್ಕೇ ಅಡುಗೆಮನೆಯ ಮಣೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅವಸರ ಮಾಡಬೇಡಿ. ನನಗೆ ಮೊದಲಿನಿಂದಲೇ ಹೇಳಬೇಕು.

ನಾನು ಈ ಮನೆಗೆ ಬಂದ ಹೊಸತರಲ್ಲಿ, ತವರಿನಿಂದ ತಂದ ಓವನ್ನಿನಲ್ಲಿ ಮೊದಲ ಸಲ ಆಪಲ್ ಪೈ ಮಾಡಿದ್ದು ನೆನಪಿದೆಯಾ? ಜಯನಗರದಲ್ಲಿ ಬೇಕಿಂಗ್ ಕ್ಲಾಸಿಗೆ ಹೋಗಿ ಕಲಿತು ಬಂದಿದ್ದೇನೆ ಅಂತ ನನಗೆ ಇಲ್ಲದ ಜಂಬ. ನೀವು ತಟ್ಟೆಯನ್ನು ಮೂಗಿನ ಹತ್ತಿರ ತಂದು ಮೂಸಿ, "ಪೈ ಅಂತೆ ಪೈ. ದಾರಿ ತಪ್ಪಿದ ಒಬ್ಬಟ್ಟು ಕಣೇ ಇದು" ಅಂದಿರಿ. ನನಗೆ ಅಳುವೇ ಬಂದಿತ್ತು. ಆಗ ನಿಮ್ಮ ಚಿಕ್ಕ ಮಗ ಮಂಜ ಬಂದು ನಿಂತಲ್ಲೇ ಅರ್ಧ ಪೈ ಖಾಲಿ ಮಾಡಿ, "ಅತ್ತಿಗೆ, ಮೇಲ್ಗಡೆ ಬೇಕರಿ, ಕೆಳಗಡೆ ಫ್ಲೋರ್ ಮಿಲ್ಲು. ಆದ್ರೂ ಸಖತ್ತಾಗಿದೆ ಬಿಡಿ" ಅಂದ. ತಳ ಹಸಿ ಹಿಟ್ಟಾಗಿತ್ತು ನಿಜ. ಆದರೂ ತಿಂದ. ಅವತ್ತಿನಿಂದ ಅವನು ನನಗೆ ಮೈದುನ ಅಲ್ಲ, ತಮ್ಮ.

ಮಾವನ ಸ್ಕೂಟರನ್ನು ಕೇಳದೆ ತೆಗೆದುಕೊಂಡು ಹೋಗಿ ಅವನು ಗಣೇಶನ ಪೆಂಡಾಲಿಗೆ ಗುದ್ದಿದ ಸಂಜೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರಿಗೂ ಏನೂ ಆಗಿರಲಿಲ್ಲ. ಸ್ಕೂಟರಿನ ಮೂತಿ ಮುರಿದಿತ್ತು, ಅಷ್ಟೆ. ಮಾವ ಮಾತ್ರ ಇಡೀ ಕತ್ರಿಗುಪ್ಪೆಗೆ ಕೇಳುವ ಹಾಗೆ, "ನನ್ ಪಾಲಿಗೆ ನೀನು ಸತ್ತೆ ಕಣೋ" ಅಂದರು. ಎಲ್ಲ ಅಪ್ಪಂದಿರೂ ಸಿಟ್ಟಲ್ಲಿ ಅನ್ನುವ ಮಾತೇ ಅದು. ಬೆಳಿಗ್ಗೆ ಎದ್ದು ನೋಡಿದರೆ ಮಂಜನ ಹಾಸಿಗೆ ಖಾಲಿ. ಸ್ಟೇಷನ್ನಿಗೆ ಅಲೆದದ್ದಾಯಿತು, ನೆಂಟರ ಮನೆ ಮನೆ ಕೇಳಿದ್ದಾಯಿತು, ಶಾಸ್ತ್ರ ಕೇಳಿಸಿದ್ದೂ ಆಯಿತು. ಆಡಿದ ಮಾತನ್ನು ನುಂಗಲಾರದೆ ಮಾವ ಕೊರಗಿ ಕೊರಗಿ ಹೋದರು. ಆಮೇಲೆ ಮಾವನ ಅಮ್ಮ, ನಮ್ಮ ಅಜ್ಜಿಯೂ ಹೋದರು. ಅವನ ಸುದ್ದಿ ಬರಲೇ ಇಲ್ಲ.

ನಮ್ಮ ಮುಂದಿನ ಮಳಿಗೆಯಲ್ಲಿ ಬಾಡಿಗೆಗಿದ್ದ ಬೇಕರಿಯವರು ಅಂಗಡಿ ಖಾಲಿ ಮಾಡುವಾಗ ನೀವು ಅವರನ್ನು ತಡೆದು ನಿಲ್ಲಿಸಿದ್ದು ಯಾಕೆ ಅಂತ ನನಗೆ ಮೊದಲು ಗೊತ್ತಾಗಿರಲಿಲ್ಲ. "ದಿಲ್‌ಪಸಂದ್ ಮಾಡೋದು ಹೇಳ್ಕೊಟ್ಟು ಹೋಗಿ" ಅಂತ ಪಟ್ಟು ಹಿಡಿದಿರಿ. ಸ್ಕೂಲಿಂದ ಬಂದ ಮಂಜ ಬ್ಯಾಗನ್ನೂ ಇಳಿಸದೆ ಆ ಬೇಕರಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದನಂತೆ. ಆಮೇಲೆ ನಾವಿಬ್ಬರೂ ಎಷ್ಟು ಶನಿವಾರ ಹಾಳು ಮಾಡಿದೆವು! ಎರಡು ಹಾಳೆ ಲಟ್ಟಿಸಿ, ನಡುವೆ ತೆಂಗಿನತುರಿ, ಸಕ್ಕರೆ, ಟೂಟಿಫ್ರೂಟಿ, ಏಲಕ್ಕಿ ಹರಡಿ, ಸುತ್ತಲೂ ಒತ್ತಿ ಮುಚ್ಚುವುದು ಹೇಳುವುದಕ್ಕೆ ಸುಲಭ. ಒಮ್ಮೆ ಹೂರಣ ಹೊರಗೆ ಬಂತು, ಒಮ್ಮೆ ಹಾಳೆ ಚಪ್ಪಡಿಯ ಹಾಗೆ ಗಟ್ಟಿಯಾಯಿತು. ಕೊನೆಗೆ ಸರಿ ಬಂದ ದಿನ ನೀವು ಅಂಚನ್ನು ಹೆಬ್ಬೆರಳಿನಿಂದ ಮುರಿದು ಕಾಫಿಯಲ್ಲಿ ಅದ್ದಿ, "ಅಂಚೇ ಕಣೇ ರುಚಿ, ಮಿಕ್ಕಿದ್ದು ಮಕ್ಳಿಗೆ" ಅಂದಿರಿ. ಕೊನೆಯವರೆಗೂ ನೀವು ತಿಂದದ್ದು ಅಂಚು ಮಾತ್ರ.

ಅವತ್ತಿನಿಂದ ಪ್ರತಿ ಶನಿವಾರ ಮನೆಗೆ ಎಷ್ಟು ಬೇಕೋ ಅಷ್ಟು, ಅದರ ಮೇಲೆ ಒಂದು ಚಿಕ್ಕದು. ಅದನ್ನು ನೀವು ಜಾಲರಿ ಕಪಾಟಿನ ಮೇಲಿನ ಅರೆಯಲ್ಲಿಟ್ಟು, ಸ್ಟೀಲ್ ಬಟ್ಟಲು ಬೋರಲು ಮುಚ್ಚುತ್ತಿದ್ದಿರಿ. "ಮಂಜ ಬಂದ್ರೆ ಏನ್ ಕೊಡ್ಲಿ?" ಅನ್ನುತ್ತಿದ್ದಿರಿ, ಅವನು ಇಲ್ಲೇ ಮೂಲೆ ಅಂಗಡಿಗೆ ಹೋದವನ ಹಾಗೆ. ಮಾರನೆಯ ದಿನ ಅದು ಬೀದಿ ಗುಡಿಸುವ ಅಕ್ಕನ ಕೈಗೆ ಹೋಗುತ್ತಿತ್ತು. ನನ್ನ ಪೈ, ಪಫ್‌ಗಳಿಗೆ ಜೆ.ಪಿ. ನಗರದ ಅಪಾರ್ಟ್‌ಮೆಂಟಿನವರಿಂದ ಆರ್ಡರ್ ಬರಲು ಶುರುವಾಗಿ ಓವನ್ನಿಗೆ ಬಿಡುವೇ ಇಲ್ಲದಿದ್ದಾಗಲೂ ನೀವು ಆ ಒಂದಕ್ಕೆ ಜಾಗ ಬಿಡಿಸುತ್ತಿದ್ದಿರಿ. ನನಗೆ ಸಿಟ್ಟು ಬರುತ್ತಿತ್ತು ಅತ್ತೆ, ಸುಳ್ಳು ಯಾಕೆ ಹೇಳಲಿ.

ಹಿರಿಯರ ಹಬ್ಬ ಬಂತೆಂದರೆ ಈ ಮನೆಯಲ್ಲಿ ಒಂದು ಜಗಳ ಗ್ಯಾರಂಟಿ. ಮಹಾಲಯ ಅಮಾವಾಸ್ಯೆಗೆ ಸತ್ತವರ ಫೋಟೋ ಸಾಲಾಗಿ ಇಟ್ಟು, ಅವರವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಧೂಪ ಹಾಕಿ, ನಾವೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಒಳಗೆ ಹಿರಿಯರು ಬಂದು ಉಂಡು ಹೋಗಲಿ ಅಂತ. ಗಿರೀಶ್ ಪ್ರತಿ ವರ್ಷ ಕೇಳುತ್ತಿದ್ದರು, "ಅಮ್ಮ, ಮಂಜಂಗೂ ಒಂದು ಎಡೆ ಇಟ್ಬಿಡೋಣ. ಇಷ್ಟು ವರ್ಷ ಆಯ್ತು." ನೀವು ಸೌಟನ್ನು ಕೆಳಗಿಟ್ಟು, "ಇರೋ ಮಗಂಗೆ ಎಡೆ ಇಟ್ರೆ ನಾವೇ ಅವನನ್ನ ಸಾಯಿಸ್ದಂಗೆ. ನಿಮ್ಮಪ್ಪ ಬಾಯಲ್ಲಿ ಸಾಯಿಸಿದ್ದು ಸಾಲ್ದಾ?" ಅಂದರೆ ಜಗಳ ಮುಗಿಯಿತು. ಹೋದ ಸಂಕ್ರಾಂತಿ ಕಳೆದ ಮೇಲೆ ನೀವು ಹಾಸಿಗೆ ಹಿಡಿದಾಗಲೂ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು ಹೇಳಿದ್ದು ಅದೇ ಮಾತು. "ಸುಧಾ, ನಾನ್ ಇಲ್ಲ ಅಂತ ಅವನಿಗೆ ಎಡೆ ಇಟ್ಬಿಟ್ಟೀರ." ನಾನು ಇಲ್ಲ ಅಂದೆ.

ನೀವು ಹೋದ ಮೇಲೆ ನಾನು ಆ ಚಿಕ್ಕದನ್ನು ಮಾಡುವುದು ನಿಲ್ಲಿಸಿದೆ. ಅಲ್ಲಿಂದ ಶುರುವಾಯಿತು ನೋಡಿ. ನಾನು ಹಿಟ್ಟನ್ನು ತೂಕದ ಯಂತ್ರದ ಮೇಲಿಟ್ಟು ಅಳೆಯುವವಳು, ಕಣ್ಣಂದಾಜಿನವಳಲ್ಲ. ಆರ್ಡರಿಗೆ ತಕ್ಕಷ್ಟು ಕಲಸಿ, ಉಂಡೆ ಮಾಡಿ, ಲಟ್ಟಿಸಿ, ತುಂಬಿ, ಟ್ರೇಗೆ ಜೋಡಿಸಿ ತಿರುಗಿದರೆ ಮಣೆಯ ಮೇಲೆ ಒಂದು ಉಂಡೆ ಮಿಕ್ಕಿರುತ್ತಿತ್ತು. ಚಿಕ್ಕದು. ಮೊದಲು ನನ್ನ ಲೆಕ್ಕವೇ ತಪ್ಪಿತು ಅಂದುಕೊಂಡೆ. ಮುಂದಿನ ವಾರ ಬೇಕೆಂದೇ ಹಿಟ್ಟು ಕಡಿಮೆ ಹಾಕಿದೆ. ಟ್ರೇ ತುಂಬಿತು, ಉಂಡೆಯೂ ಮಿಕ್ಕಿತು. ಹೂರಣವೂ ಅಷ್ಟೇ, ಬಟ್ಟಲ ತಳದಲ್ಲಿ ಸರಿಯಾಗಿ ಅಷ್ಟೇ ಇರುತ್ತಿತ್ತು. ಹಾಡುಹಗಲು, ಕಿಟಕಿಯಿಂದ ಬಿಸಿಲು ಬಿದ್ದಿದೆ, ಹೊರಗೆ ತರಕಾರಿಯವನು ಕೂಗುತ್ತಿದ್ದಾನೆ, ನಾನು ಒಂದು ಹಿಟ್ಟಿನ ಉಂಡೆ ನೋಡಿಕೊಂಡು ಬೆವರುತ್ತಿದ್ದೇನೆ. ಯಾರಿಗೆ ಹೇಳಲಿ? ಅದನ್ನು ಬೇಯಿಸಲೂ ಇಲ್ಲ, ಬಿಸಾಡಲೂ ಧೈರ್ಯ ಬರಲಿಲ್ಲ. ಫ್ರಿಜ್ಜಿನ ಮೂಲೆಗೆ ತಳ್ಳುತ್ತಿದ್ದೆ.

ನಿಮ್ಮ ತಂಗಿ ಜಯಮ್ಮನವರು ಬಂದಿದ್ದಾಗ ಬಾಯಿ ತಪ್ಪಿ ಹೇಳಿಬಿಟ್ಟೆ. ಅವರ ಬಾಯಿ ನಿಮಗೆ ಗೊತ್ತಲ್ಲ. "ಅಯ್ಯೋ ಸಿವನೇ! ಅದು ಮಂಜ ಕಣೇ. ಯಾವತ್ತೋ ಸತ್ತೋಗವ್ನೆ. ಇಷ್ಟು ದಿನ ನಮ್ಮಕ್ಕ ತಡೆದಿದ್ಲು, ಈಗ ಎಡೆಗೆ ಬಾಯ್ ಬಿಡ್ತಾವ್ನೆ" ಅಂದರು. ನಾನು ಕೂಗಾಡಿದೆ. ಅತ್ತೆಗೆ ಮಾತು ಕೊಟ್ಟಿದ್ದೇನೆ, ನನ್ನ ಕೈಯಿಂದ ಆಗಲ್ಲ ಅಂದೆ. ಗಿರೀಶ್ ಎಲ್ಲ ಕೇಳಿಸಿಕೊಂಡು, "ನೀನು ಇಡ್ಬೇಡ. ನಾನಿಡ್ತೀನಿ. ನನ್ ತಮ್ಮ ಉಪವಾಸ ಅಲೀಬಾರ್ದು" ಅಂದರು. ಆ ಮನುಷ್ಯನ ಕಣ್ಣಲ್ಲಿ ನೀರು ನೋಡಿದ ಮೇಲೆ ನಾನೇನು ಹೇಳಲಿ?

ಹೋದ ವಾರದ ಅಮಾವಾಸ್ಯೆಗೆ ನಿಮ್ಮದು ಹೊಸ ಎಡೆ. ಮಾವನದು, ಅಜ್ಜಿಯದು, ಪಕ್ಕದಲ್ಲಿ ನಿಮ್ಮದು. ಮುದ್ದೆ, ಮಟನ್ ಸಾರು, ಕಜ್ಜಾಯ, ಒಂದು ಲೋಟ ಕಾಫಿ, ಬೆಳಿಗ್ಗೆ ಬೆಣ್ಣೆ ಹಾಕಿ ಮಾಡಿದ ದಿಲ್‌ಪಸಂದ್. ತುದಿಯಲ್ಲಿ ಗಿರೀಶ್ ಇನ್ನೊಂದು ಎಲೆ ಹಾಕಿದರು. ಮಂಜನ ಹತ್ತನೇ ಕ್ಲಾಸಿನ ಫೋಟೋಗೆ ಕುಂಕುಮ ಇಟ್ಟರು. ಫ್ರಿಜ್ಜಿನಲ್ಲಿದ್ದ ಆ ವಾರದ ಉಂಡೆ ತೆಗೆಸಿ ಅದರಲ್ಲೇ ಮಾಡಿಸಿದ ಚಿಕ್ಕ ದಿಲ್‌ಪಸಂದನ್ನು ಆ ಎಲೆಯ ಮೇಲಿಟ್ಟರು. ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಗಿರೀಶ್ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡರು. ಜಗುಲಿಯಲ್ಲಿ ನಿಂತಿದ್ದೆವು. ಒಳಗಿನಿಂದ ಸ್ಟೀಲ್ ಪಾತ್ರೆ ಇಟ್ಟ ಸದ್ದು ಬಂತು. ಬಿದ್ದ ಸದ್ದಲ್ಲ ಅತ್ತೆ, ಇಟ್ಟ ಸದ್ದು. ಎಲ್ಲರೂ ಕೇಳಿಸಿಕೊಂಡೆವು. "ಬೆಕ್ಕು" ಅಂದರು ಜಯಮ್ಮ. ಯಾವ ಬೆಕ್ಕು?

ಬಾಗಿಲು ತೆಗೆದಾಗ ಧೂಪದ ಹೊಗೆ ಇನ್ನೂ ಸೂರಿನ ಹತ್ತಿರ ನಿಂತಿತ್ತು. ನಿಮ್ಮ ಎಲೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ನನಗೆ ಸ್ವಲ್ಪ ಬೇಜಾರೂ ಆಯಿತು, ಇಷ್ಟು ಬೆಣ್ಣೆ ಸುರಿದಿದ್ದೆ. ಮಂಜನ ಎಲೆಯಲ್ಲೂ ಮುದ್ದೆ, ಸಾರು, ಕಜ್ಜಾಯ ಎಲ್ಲ ಹಾಗೇ ಇತ್ತು. ದಿಲ್‌ಪಸಂದ್ ಮಾತ್ರ ಇರಲಿಲ್ಲ. ಅವನ ಫೋಟೋ ಮುಖ ಕೆಳಗಾಗಿ ಮಲಗಿತ್ತು. ಗಿರೀಶ್ ಎಲೆ ಎತ್ತಿ ನೋಡಿದರು, ಮಣೆ ಸರಿಸಿ ನೋಡಿದರು. ನಾನು ಯಾಕೆ ಅಡುಗೆಮನೆಗೆ ಹೋದೆನೋ ಗೊತ್ತಿಲ್ಲ. ಜಾಲರಿ ಕಪಾಟು ತೆರೆದೆ. ನೀವು ಹೋದ ಮೇಲೆ ಮೇಲಿನ ಅರೆಯಲ್ಲಿ ನಾನು ಏನೂ ಇಟ್ಟಿರಲಿಲ್ಲ. ಅಲ್ಲಿ ಸ್ಟೀಲ್ ಬಟ್ಟಲು ಬೋರಲಾಗಿತ್ತು. ಎತ್ತುವ ಮುಂಚೆಯೇ ನನಗೆ ಗೊತ್ತಾಗಿಬಿಟ್ಟಿತು, ಕೆಳಗೆ ಏನಿದೆ ಅಂತ.

ಜಯಮ್ಮ "ಈ ಮನೇಲಿ ನಂಗೆ ನೀರೂ ಬೇಡ" ಅಂತ ಚಪ್ಪಲಿ ಹಾಕಿಕೊಂಡು ಆಟೋ ಹತ್ತಿದರು. ಗಿರೀಶ್ ಮೊದಲು ನನ್ನ ಮೇಲೇ ರೇಗಿದರು, ಆಮೇಲೆ ಜೇಬು ಮುಟ್ಟಿ ಕೀಲಿ ನೋಡಿಕೊಂಡರು. ಅಲ್ಲೇ ನೆಲದ ಮೇಲೆ ಕೂತು, ಹೆಗಲ ಮೇಲಿನ ಟವೆಲ್ಲಿನಿಂದ ಮಂಜನ ಫೋಟೋದ ಕುಂಕುಮವನ್ನು ಒರೆಸಿದರು. ಒರೆಸಿದರು, ಒರೆಸಿದರು, ಗಾಜಿನ ಮೇಲೆ ಏನೂ ಉಳಿಯದ ಮೇಲೂ ಒರೆಸುತ್ತಲೇ ಇದ್ದರು. "ಅಮ್ಮ ಬೈದ್ರು ಕಣೇ" ಅಂದರು. ಆ ರಾತ್ರಿ ನಾನು ಅಡುಗೆಮನೆಯ ದೀಪ ಆರಿಸಲಿಲ್ಲ.

ಇವತ್ತು ಮಧ್ಯಾಹ್ನ ಪಫ್ ಟ್ರೇ ಹೊರಗೆ ತೆಗೆಯುತ್ತಿದ್ದೆ. ಗೇಟಿನ ಚಿಲಕ ಸದ್ದಾಯಿತು. ನೋಡಿದರೆ ಬಿಸಿಲಿನಲ್ಲಿ ಒಬ್ಬ ಗಂಡಸು. ನೆತ್ತಿಯ ಕೂದಲು ತೆಳುವಾಗಿದೆ, ಕೈಯಲ್ಲೊಂದು ಊಟದ ಡಬ್ಬಿ ಇದೆ. "ಅತ್ತಿಗೆ" ಅಂದ. ನಿಜ ಹೇಳಲಾ? ನಾನು ಮೊದಲು ನೋಡಿದ್ದು ಅವನ ಪಾದ. ಹೋದ ವಾರ ಎಡೆ ಇಟ್ಟವನು ಇವತ್ತು ಗೇಟು ತೆಗೆದುಕೊಂಡು ಬಂದರೆ ಇನ್ನೇನು ನೋಡಲಿ? ಪಾದ ನೆಟ್ಟಗೇ ಇದ್ದವು. ಸವೆದ ಚಪ್ಪಲಿ, ಒಡೆದ ಹಿಮ್ಮಡಿ. ಟ್ರೇ ಕೈಬಿಟ್ಟೆ. ಪಫ್ಫೆಲ್ಲ ಜಗುಲಿಯ ಪಾಲಾಯಿತು. ಸುದ್ದಿ ತಿಳಿದು ಗಿರೀಶ್ ಅಂಗಡಿಯಿಂದ ಓಡಿ ಬಂದವರೇ ತಮ್ಮನ ಕೆನ್ನೆಗೆ ಒಂದು ಬಾರಿಸಿ, ಆಮೇಲೆ ತಬ್ಬಿಕೊಂಡು ಎಳೆಮಗುವಿನ ಹಾಗೆ ಅತ್ತರು.

ಅವನು ಎಲ್ಲಿದ್ದ ಗೊತ್ತಾ ಅತ್ತೆ? ಬೊಮ್ಮನಹಳ್ಳಿಯಲ್ಲಿ. ಒಂದು ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರ್. ಎರಡು ಬಸ್ಸಿನ ದಾರಿ! ಮಾವ ಹೋದದ್ದು ತಡವಾಗಿ ಕಿವಿಗೆ ಬಿದ್ದು, ಅಮ್ಮನ ಮುಖ ನೋಡೋಣ ಅಂತ ಒಂದು ಸಲ ಬಂದಿದ್ದನಂತೆ. ಬೀದಿ ತುದಿಯಲ್ಲೇ ನಿಂತುಬಿಟ್ಟನಂತೆ. ಮನೆ ಮುಂದೆ ಶಾಮಿಯಾನ, ತಮಟೆ. ಗಿರೀಶ್ ಬೆಂಕಿ ಮಡಕೆ ಹಿಡಿದು ಮುಂದೆ ಹೊರಟಿದ್ದಾರೆ. ಹಿಂದೆ ಚಟ್ಟದ ಮೇಲೆ ನಿಮ್ಮ ಹಸಿರು ರೇಷ್ಮೆ ಸೀರೆ. "ಅಮ್ಮನ ಮದುವೆ ಸೀರೆ ನಂಗೆ ಗೊತ್ತಾಗಲ್ವಾ ಅತ್ತಿಗೆ? ಅಷ್ಟೇ ನೋಡಿದ್ದು. ಯಾವ ಮುಖ ಇಟ್ಕೊಂಡು ಹತ್ರ ಬರ್ಲಿ? ವಾಪಸ್ ಹೋದೆ. ಆಮೇಲೆ ಕತ್ರಿಗುಪ್ಪೆ ಅಂತ ಬೋರ್ಡಿರೋ ಬಸ್ ಕಂಡ್ರೂ ಮುಖ ತಿರುಗಿಸ್ಕೋತಿದ್ದೆ" ಅಂದ.

ಅವತ್ತು ಹೋದದ್ದು ಅಜ್ಜಿ. ನಿಮ್ಮ ಅತ್ತೆ. ಆ ಮುದುಕಿಗೆ ಜೀವಮಾನದಲ್ಲಿ ಒಂದೂ ರೇಷ್ಮೆ ಸೀರೆ ಇರಲಿಲ್ಲ ಅಂತ ನೀವು ಬೀರುವಿನಿಂದ ನಿಮ್ಮದನ್ನೇ ತೆಗೆದು ಉಡಿಸಿದಿರಿ. "ಗಂಡ ಇಲ್ದೋಳಿಗೆ ಹಸಿರು ಸೀರೆನಾ?" ಅಂತ ಜಯಮ್ಮ ಗೊಣಗಿದರೂ ನೀವು ಕೇಳಲಿಲ್ಲ. ಉಡಿಸಿ ತಲೆ ಸುತ್ತಿ ಬಂದು, ಒಳಗೆ ಚಾಪೆಯ ಮೇಲೆ ಮಲಗಿದ್ದಿರಿ. ನಾನೇ ನಿಮ್ಮ ಮುಖಕ್ಕೆ ನೀರು ಹಾಕುತ್ತಿದ್ದೆ. ಅದೇ ಹೊತ್ತಿಗೆ ಬೀದಿ ತುದಿಯಲ್ಲಿ ನಿಮ್ಮ ಮಗ... ಎದ್ದು ಒಂದು ಸಲ ಹೊಸ್ತಿಲಿಗೆ ಬಂದಿದ್ದರೆ ಸಾಕಿತ್ತಲ್ಲ ಅತ್ತೆ.

ಆ ವರ್ಷದಿಂದ ಅವನು ನಿಮಗೆ ಎಡೆ ಇಡುತ್ತಿದ್ದನಂತೆ. ಪರ್ಸಿನಲ್ಲಿದ್ದ ನಿಮ್ಮ ಚಿಕ್ಕ ಫೋಟೋ ಮುಂದೆ ಒಂದು ಎಲೆ, ಅದರ ಮೇಲೆ ಬೇಕರಿಯಿಂದ ತಂದ ದಿಲ್‌ಪಸಂದ್. ಇದ್ದ ಮಗನಿಗೆ ಎಡೆ ಇಡಬೇಡಿ ಅಂತ ನೀವು ಇಲ್ಲಿ ಹೋರಾಡುತ್ತಿದ್ದಾಗ, ಅಲ್ಲಿ ಅವನು ಇದ್ದ ಅಮ್ಮನಿಗೆ... "ಒಂದು ವರ್ಷನೂ ಮುಟ್ಟಿರ್ಲಿಲ್ಲ ಅತ್ತಿಗೆ. ಮಾಳಿಗೆ ಮೇಲಿಟ್ರೆ ಕಾಗೆನೂ ಬರ್ತಿರ್ಲಿಲ್ಲ. ಅಮ್ಮಂಗೆ ನನ್ ಮೇಲೆ ಸಿಟ್ಟು ಹೋಗಿಲ್ಲ ಅಂದ್ಕೊಂಡಿದ್ದೆ. ಈ ವರ್ಷ ಬಾಗಿಲು ತೆಗೆದು ನೋಡಿದ್ರೆ ಅಂಚು ಮುರ್ದಿತ್ತು. ಹೆಬ್ಬೆಟ್ಟಿನಷ್ಟು ಅಗಲ. ಹೆಂಡ್ತಿ ಹೆದರ್ಕೊಂಡು, ಮೊದ್ಲು ನಿಮ್ಮನೇಗೆ ಹೋಗ್ಬನ್ನಿ ಅಂತ ಕಳಿಸಿದ್ಲು" ಅಂದ. ಅಂತೂ ನನ್ನ ಬೆಣ್ಣೆಯದನ್ನು ಬಿಟ್ಟು ಆ ಒಣ ಬೇಕರಿಯದನ್ನು ತಿಂದು ಬಂದಿರಿ. ಹೋಗಲಿ ಬಿಡಿ, ನಾನು ಏನೂ ಅನ್ನಲ್ಲ.

ಗಿರೀಶ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವನು ಇನ್ನೂ ಅವತ್ತು ಹೋದದ್ದು ನೀವೇ ಅಂದುಕೊಂಡಿದ್ದ. ಹಾಗೇ ಇರಲಿ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಇಷ್ಟು ವರ್ಷ ಒಂದು ಸಲ ಅತ್ತು ಮುಗಿಸಿದ್ದಾನೆ, ಮತ್ತೆ ಯಾಕೆ ಅಳಿಸಲಿ? ಅಷ್ಟರಲ್ಲಿ ಅವನು ಹಜಾರದಲ್ಲಿ ನಿಮ್ಮ ಫೋಟೋದ ಮುಂದೆ ಹೋಗಿ ನಿಂತ. ಕೈಮುಗಿದ. ಮುಗಿದ ಕೈ ಹಾಗೇ ನಿಂತಿತು. ಫೋಟೋಗೆ ಮುಖ ಹತ್ತಿರ ತಂದು, ತಿರುಗದೆಯೇ ಕೇಳಿದ.

"ಅತ್ತಿಗೆ, ಅಮ್ಮಂಗೆ ಯಾವಾಗ ಕೂದ್ಲು ಬೆಳ್ಳಗಾಯ್ತು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ನೀವು ತೀರಿಕೊಂಡದ್ದು ಹೋದ ಸಂಕ್ರಾಂತಿ ಆದಮೇಲೆ ಅಂತ ಹೇಳಿದೆ. ಅಜ್ಜಿಗೆ ನಿಮ್ಮ ಸೀರೆ ಉಡಿಸಿದ್ದನ್ನೂ ಹೇಳಿದೆ. ಅವನು ಗೋಡೆ ಹಿಡಿದು ಕೂತ. "ಅಮ್ಮ ನನ್ನ ನೆನೆಸ್ಕೋತಿದ್ರಾ?" ಅಂದ. "ಇವತ್ತು ಬರ್ತಾನೆ ಅಂತಿದ್ರು" ಅಂದೆ. "ಯಾವತ್ತು?" ಅಂದ. "ದಿನಾ" ಅಂದೆ. ಅವನ ಅಳು ನಾನು ಬರೆಯಲಾರೆ ಅತ್ತೆ. ನಿಮಗೆ ಕೇಳಿಸಿರಬೇಕು. ಅವನು ಬದುಕಿದ್ದಾನೆ ಅಂತ ನೀವೊಬ್ಬರೇ ಹೇಳುತ್ತಿದ್ದಿರಿ. ನಮ್ಮಲ್ಲಿ ಒಬ್ಬರೂ ನಂಬಲಿಲ್ಲ. ನಾನೂ ನಂಬಿರಲಿಲ್ಲ.

ಇನ್ನೊಂದು ಸುದ್ದಿ ಇದೆ, ಅದಕ್ಕೇ ಈ ಕಾಗದ. ನಿಮಗೊಬ್ಬಳು ಮೊಮ್ಮಗಳಿದ್ದಾಳೆ. ಮಂಜನ ಮಗಳು, ಸ್ಕೂಲಿಗೆ ಹೋಗುತ್ತಾಳೆ. ಹುಟ್ಟಿದಾಗಿನಿಂದ ನಿಮ್ಮ ಆ ಚಿಕ್ಕ ಫೋಟೋಗೆ ಕೈಮುಗಿದು ಬೆಳೆದವಳು. ಸಂಜೆ ಅಪ್ಪನಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ನನಗೂ ಕೇಳಿಸುತ್ತಿತ್ತು. ಎಲ್ಲಿದ್ದೀಯಪ್ಪಾ ಅಂದಳು. ಅಜ್ಜಿ ಮನೇಲಿ ಕಣಮ್ಮಾ ಅಂದ ಮಂಜ.

"ಅಜ್ಜಿ ಮನೇಲಿದಾರಾ?"

ಮಂಜ ನನ್ನ ಕಡೆ ನೋಡಿದ. ನಾನು ಫೋನ್ ಇಸಿದುಕೊಂಡೆ. "ಇದಾರೆ ಪುಟ್ಟೀ, ಬಾ" ಅಂದೆ.

ತಪ್ಪಾಯಿತಾ? ಭಾನುವಾರ ಅಮ್ಮನ ಜೊತೆ ಬರುತ್ತಾಳಂತೆ. ಅಲ್ಲಿಯವರೆಗೆ ದಯವಿಟ್ಟು ಎಲ್ಲೂ ಹೋಗಬೇಡಿ ಅತ್ತೆ.

ನಿಮ್ಮ
ಸುಧಾ